ಗುದ್ದಲಿ ಪೂಜೆಯೆಂಬ ಬೃಹತ್ ಕೈಗಾರಿಕೆ

ಉತ್ತರ ಕನ್ನಡ ಜಿಲ್ಲೆಯಲ್ಲಿ ಕೈಗಾರಿಕೆಯೇ ಇಲ್ಲವೆಂದು ಪ್ರತಿ ಚುನಾವಣೆಯಲ್ಲೂ ಗೊಣಗುವವರು ಕಣ್ಣಿದ್ದೂ ಕಾಣದವರು. ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಯಲ್ಲಾಪುರದವರೆಗೆ, ಮಳೆಗಾಲವೊಂದನ್ನು ಬಿಟ್ಟು ವರ್ಷವಿಡೀ ನಡೆಯುವ ಉದ್ಯಮವೊಂದು ನಮ್ಮಲ್ಲಿದೆ. ಅದಕ್ಕೆ ಕಲ್ಲಿದ್ದಲು ಬೇಡ, ಬಾಯ್ಲರ್ ಬೇಡ, ಪರಿಸರ ಇಲಾಖೆಯ ಅನುಮತಿಯೂ ಬೇಡ. ಕರಿಕಲ್ಲಿನ ಫಲಕ, ಶಾಮಿಯಾನ, ಧ್ವನಿವರ್ಧಕ ಮತ್ತು ಅರಿಶಿನ ಕುಂಕುಮ ಹಚ್ಚಿದ ಒಂದು ಗುದ್ದಲಿ ಇದ್ದರೆ ಉತ್ಪಾದನೆ ಆರಂಭವಾಗುತ್ತದೆ.

ಈ ಉದ್ಯಮದ ಮೂಲ ಬಂಡವಾಳ ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಊರಾದ ಮ್ಯಾಂಚೆಸ್ಟರಿನದು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ, ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತು, ಆ ಊರಿರುವ ಲಂಕಾಶೈರ್ ಸೀಮೆಯ ಗಿರಣಿ ಕಾರ್ಮಿಕರು ಗುಂಪುಗುಂಪಾಗಿ ಕೆಲಸ ಕಳೆದುಕೊಂಡಾಗ, ಮಾಲೀಕರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆಯೂ ಅದನ್ನು ಹಡಗಿಗೇರಿಸಬಲ್ಲ ಕಾರವಾರ ಬಂದರಿನ ಮೇಲೆಯೂ ಹಿಂದೆಂದಿಗಿಂತ ಬಲವಾಗಿ ನೆಟ್ಟಿತು. 1862ರಲ್ಲಿ ಇಡೀ ಜಿಲ್ಲೆಯನ್ನೇ ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಜನರು ಮಲಗಿದ್ದ ಚಾಪೆ ಕದಲಲಿಲ್ಲ, ಪ್ರಾಂತ್ಯ ಕದಲಿತು. 1865ರಲ್ಲಿ ಯುದ್ಧ ಮುಗಿದು ಅಮೆರಿಕದ ಹತ್ತಿ ಮರಳಿತು; 1880ರ ದಶಕದಲ್ಲಿ ರೈಲು ಇಳಿದದ್ದು ಪೋರ್ಚುಗೀಸರ ಗೋವೆಯ ಮುರ್ಮಗೋವೆ ಬಂದರಿಗೆ. ಕಾರವಾರದ ಪಾಲಿಗೆ ಉಳಿದದ್ದು ಆಶ್ವಾಸನೆ. ಅದನ್ನು ನಾವು ಇಂದಿಗೂ ಜತನವಾಗಿ ಇಟ್ಟುಕೊಂಡಿದ್ದೇವೆ.

ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರಿಗೆ ರೈಲುಮಾರ್ಗ ಹಾಕಲು 1826ರಲ್ಲಿ ಅನುಮತಿ ದೊರೆಯಿತು. ನಡುವಿನ ಕೆಸರುಭೂಮಿಯನ್ನು ದಾಟಿ 1830ರಲ್ಲಿ ರೈಲು ಓಡಿತು. ಇಷ್ಟು ಅವಸರ ನಮ್ಮವರಿಗೆ ಒಗ್ಗದು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಸಮೀಕ್ಷೆ, ಮರುಸಮೀಕ್ಷೆ, ನ್ಯಾಯಾಲಯ, ವನ್ಯಜೀವಿ ಮಂಡಳಿ ಎಂಬ ನಿಲ್ದಾಣಗಳಲ್ಲಿ ನಿಧಾನವಾಗಿ ನಿಂತು ಸಾಗುತ್ತಿದೆ. ಘಟ್ಟದ ಕಾಡು ಉಳಿಯಬೇಕೆನ್ನುವವರ ಮಾತಿಗೆ ತೂಕವಿದೆ, ಅದನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಕೊಡುವುದಿಲ್ಲವೆಂದು ಬಾಯಿಬಿಟ್ಟು ಹೇಳದೆ, ಕೊಡುತ್ತೇವೆನ್ನುವುದನ್ನೂ ನಿಲ್ಲಿಸದೆ, ಇಲ್ಲದ ರೈಲಿಗೆ ಒಂದು ತಲೆಮಾರನ್ನೇ ಕಾಯಿಸುವ ಕೌಶಲಕ್ಕೆ ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠವಿದೆಯೋ ತಿಳಿಯದು.

ಹತ್ತು ಜನ ಕೆಲಸವನ್ನು ಹಂಚಿಕೊಂಡರೆ ದಿನಕ್ಕೆ 48,000 ಗುಂಡುಸೂಜಿ ತಯಾರಿಸಬಹುದೆಂದು ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ 1776ರಲ್ಲಿ ಬರೆದು, ಶ್ರಮವಿಭಜನೆಯ ಮಹಿಮೆಯನ್ನು ಜಗತ್ತಿಗೆ ಸಾರಿದ. ನಮ್ಮ ಗುದ್ದಲಿ ಪೂಜೆಯನ್ನು ಆತ ನೋಡಿದ್ದರೆ ಗುಂಡುಸೂಜಿಯನ್ನು ಕೈಬಿಡುತ್ತಿದ್ದ. ಹಿಂದಿನ ರಾತ್ರಿಯೇ ಜೆಸಿಬಿ ಬಂದು ಮಣ್ಣನ್ನು ಸಡಿಲಗೊಳಿಸಿ, ಅದರ ಮೇಲೆ ಕೆಂಪು ಹಾಸು ಹಾಸುವುದಕ್ಕೆ ಒಂದು ತಂಡ. ಗುದ್ದಲಿಯ ಕಾವಿಗೆ ರಿಬ್ಬನ್ ಸುತ್ತಲು ಒಬ್ಬ, ಮಂತ್ರಿಗಳ ಕೈಗೆ ಅದನ್ನು ಕೊಡಲು ಒಬ್ಬ, ಕಾವನ್ನು ಕೈಯಿಂದ ಮುಟ್ಟಿ ಚಿತ್ರದಲ್ಲಿ ಬೀಳಲು ಹನ್ನೆರಡು ಜನ. ತೆಂಗಿನಕಾಯಿ ಒಡೆಯುವವನು ಬೇರೆ, ಒಡೆದ ಕಾಯಿಯ ನೀರು ಮಂತ್ರಿಗಳ ಬೂಟಿಗೆ ಸಿಡಿಯದಂತೆ ಬಾಳೆಎಲೆ ಹಿಡಿಯುವವನು ಬೇರೆ. ಇಷ್ಟು ಜನರ ಸಂಘಟಿತ ದುಡಿಮೆಯಿಂದ ಮೇಲೇಳುವ ಮಣ್ಣು ಒಂದು ಹಿಡಿ.

ಕಾರ್ಖಾನೆಗಳು ಮನುಷ್ಯನಿಗೆ ಕಲಿಸಿದ ಮೊದಲ ಪಾಠ ಗಡಿಯಾರದ್ದು. ಸೂರ್ಯನನ್ನು ನೋಡಿ ಹೊಲಕ್ಕೆ ಹೋಗುತ್ತಿದ್ದವರನ್ನು ಗಂಟೆಯ ಸದ್ದಿಗೆ ಗಿರಣಿಯ ಬಾಗಿಲಲ್ಲಿ ನಿಲ್ಲಿಸಿ, ತಡವಾದವರ ಕೂಲಿ ಕಡಿದರು. ನಮ್ಮಲ್ಲಿ ಹತ್ತಕ್ಕೆ ಎಂದು ಅಚ್ಚಾದ ಕಾರ್ಯಕ್ರಮ ಒಂದೂವರೆಗೆ ಆರಂಭವಾಗುತ್ತದೆ, ತಡವಾಗಿ ಬಂದವರಿಗೇ ಹಾರ ಬೀಳುತ್ತದೆ. ಬ್ರಿಟನ್ನಿನ 1833ರ ಕಾರ್ಖಾನೆ ಕಾಯಿದೆ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಬಟ್ಟೆ ಗಿರಣಿಗಳಿಂದ ಹೊರಗಿಟ್ಟಿತು. ಶಾಮಿಯಾನಕ್ಕೆ ಆ ಕಾಯಿದೆ ಅನ್ವಯಿಸದ ಕಾರಣ, ಅದೇ ವಯಸ್ಸಿನ ಮಕ್ಕಳು ಕೈಯಲ್ಲಿ ಕಾಗದದ ಬಾವುಟ ಹಿಡಿದು ಕಡಲತೀರದ ಬೆವರಿನಲ್ಲಿ ನಾಡಗೀತೆಗೆ ಕಾಯುತ್ತಾರೆ.

ನೆಟ್ಟ ಕಲ್ಲುಗಳೆಲ್ಲ ಬರಡಾದವೆಂದು ಹೇಳಿದರೆ ಅನ್ಯಾಯವಾದೀತು. 1986ರಲ್ಲಿ ರಾಜೀವ್ ಗಾಂಧಿಯವರು ಕಲ್ಲಿಟ್ಟ ಕಾರವಾರದ ಸೀಬರ್ಡ್ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಕಾಳಿ ನದಿಗೆ ಅಣೆಕಟ್ಟು ಬಂದು ಸೂಪಾ ಎಂಬ ಊರೇ ನೀರಿನಡಿ ಹೋಯಿತು, ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕಗಳು ಎದ್ದವು. ಇವುಗಳಿಂದ ನಮ್ಮ ಸಮಾಜರಚನೆಯೂ ಬದಲಾಯಿತು. 1840ರ ದಶಕದ ಮ್ಯಾಂಚೆಸ್ಟರಿನ ಗಲ್ಲಿಗಳಲ್ಲಿ ಕಾರ್ಲ್ ಮಾರ್ಕ್ಸನ ಒಡನಾಡಿ ಎಂಗೆಲ್ಸ್ ಕಂಡದ್ದು ಮಾಲೀಕ ಮತ್ತು ಕೂಲಿಕಾರ ಎಂಬ ಎರಡು ವರ್ಗ. ನಾವು ಮೂರನೆಯದನ್ನು ಸೇರಿಸಿದೆವು. ಯೋಜನೆಗಳಿಗೆ ನೆಲ ಬಿಟ್ಟುಕೊಟ್ಟ ನಿರಾಶ್ರಿತ ಎಂಬ ಈ ವರ್ಗ ಆಸ್ತಿಯಾಗಿ ಒಂದು ಪ್ರಮಾಣಪತ್ರವನ್ನು ಹೊಂದಿದ್ದು, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಕಚೇರಿಯಿಂದ ಕಚೇರಿಗೆ ನಡೆಯುವುದು ಅದರ ಉದ್ಯೋಗ. ತಂದೆಯಿಂದ ಮಗನಿಗೆ ಬರುವ ಉದ್ಯೋಗವಾದ್ದರಿಂದ ಭದ್ರತೆಗೆ ಕೊರತೆಯಿಲ್ಲ. ಉಳಿದ ಹುಡುಗರು ನಸುಕಿನಲ್ಲೇ ಎದ್ದು ಮಡಗಾಂವಿನತ್ತ ಹೋಗುವ ರೈಲು ಹತ್ತಿ ಗೋವೆಯ ಕಾರ್ಖಾನೆಗಳಿಗೆ ದುಡಿಯಲು ಹೋಗುತ್ತಾರೆ. ಅವರನ್ನು ಸಂಜೆ ಮರಳಿ ಪಡೆಯುತ್ತೇವಾದ್ದರಿಂದ ಜಿಲ್ಲೆಯ ಜನಸಂಖ್ಯೆಗೂ ನಷ್ಟವಿಲ್ಲ.

ಶಿರಸಿಯ ಅಡಿಕೆಗೂ ಅಂಕೋಲೆಯ ಕರಿ ಈಶಾಡ ಮಾವಿಗೂ, ಇಂಥ ಊರಿನದೇ ಸರಕೆಂದು ಸಾರುವ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಗುದ್ದಲಿ ಪೂಜೆಗೂ ಅದನ್ನು ಕೊಡಿಸಬೇಕೆಂಬುದು ನನ್ನ ಬೇಡಿಕೆ. ನಮ್ಮ ಶಿಲ್ಪಿಗಳು ಬದಲಿ ಬಿಡಿಭಾಗಗಳ ತಂತ್ರವನ್ನೂ ಕರಗತ ಮಾಡಿಕೊಂಡಿದ್ದಾರೆ: ಯೋಜನೆಯ ಹೆಸರನ್ನೂ ‘ಅಮೃತ ಹಸ್ತದಿಂದ’ ಎಂಬುದನ್ನೂ ಕಲ್ಲಿನಲ್ಲಿ ಕೆತ್ತಿ, ಮಂತ್ರಿಗಳ ಹೆಸರನ್ನು ಮಾತ್ರ ನಾಲ್ಕು ತಿರುಪಿನ ಹಿತ್ತಾಳೆ ತಗಡಿನಲ್ಲಿ ಕೂರಿಸಿದರೆ, ಖಾತೆ ಬದಲಾದಾಗ ಕಲ್ಲು ಹಾಳಾಗುವುದಿಲ್ಲ.

ಕಾರ್ಮಿಕ ಅಶಾಂತಿಯಿಂದಲೂ ಈ ಉದ್ಯಮ ಮುಕ್ತವಾಗಿಲ್ಲ. ಇಂಗ್ಲೆಂಡಿನ ಕಾರ್ಮಿಕರು ದಶಕಗಳ ಕಾಲ ಹೋರಾಡಿ 1847ರಲ್ಲಿ ಮಹಿಳೆಯರ ಮತ್ತು ಎಳೆಯರ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗೆ ಇಳಿಸುವ ಕಾಯಿದೆ ಪಡೆದರು. ನಮ್ಮಲ್ಲಿ ಹೋರಾಟವೆದ್ದರೆ ಅದು ಶಿಷ್ಟಾಚಾರದ ಪ್ರಶ್ನೆ: ಫಲಕದಲ್ಲಿ ಯಾರ ಹೆಸರು ಮೂರನೆಯ ಸಾಲಿಗೆ ಇಳಿಯಿತು, ಯಾರದು ಬಿಟ್ಟೇಹೋಯಿತು. ಬಿಟ್ಟುಹೋದವರ ಬೆಂಬಲಿಗರು ವೇದಿಕೆಯ ಎದುರು ಧರಣಿ ಕುಳಿತರೆ ಕಾರ್ಯಕ್ರಮ ಮುಂದಕ್ಕೆ ಹೋಗುತ್ತದೆ, ಕಲ್ಲು ಮರಳಿ ಕೆತ್ತನೆಗೆ ಹೋಗುತ್ತದೆ, ಶಾಮಿಯಾನದವರಿಗೆ ಎರಡನೆಯ ದಿನದ ಬಾಡಿಗೆ ಬರುತ್ತದೆ. ತ್ರೈಮಾಸಿಕ ಪ್ರಗತಿ ಪರಿಶೀಲನಾ ಸಭೆಯಲ್ಲಿ ಆ ಬಾಡಿಗೆಯನ್ನು ಯಾವ ಕಾಲಮ್ಮಿನಲ್ಲಿ ತೋರಿಸಬೇಕೆಂಬುದಷ್ಟೇ ಇನ್ನೂ ಇತ್ಯರ್ಥವಾಗಿಲ್ಲ.