ಬಾಯಿಮಾತಿನಲ್ಲಿ ಬೇಡ, ಬರೆದು ಕೊಡಿ

ಕಾನೂನಿನಲ್ಲಿ ಯಾವ ತಪ್ಪೂ ಇಲ್ಲದ ಬರಹವನ್ನು ತೆಗೆಸಲು ಸರ್ಕಾರಕ್ಕೆ ಆದೇಶವೇ ಬೇಕಿಲ್ಲ, ಒಂದು ಫೋನ್ ಸಾಕು. ಸೋಮವಾರಪೇಟೆಯಲ್ಲಿ ಸಣ್ಣದೊಂದು ಸುದ್ದಿ ಜಾಲತಾಣ ನಡೆಸುವ ನನ್ನ ಭಾವಮೈದ ಕಳೆದ ಮಳೆಗಾಲಕ್ಕೆ ಮುಂಚೆ, ಗುಡ್ಡವೊಂದಕ್ಕೆ ಜೆಸಿಬಿ ಬಿಟ್ಟು ಬುಡ ಕೊರೆಯುತ್ತಿದ್ದ ಫೋಟೋ ಹಾಕಿದ್ದ. ರಸ್ತೆಯಲ್ಲಿ ನಿಂತು ತೆಗೆದದ್ದು. ಕೆಳಗೆ ಊರಿನ ಹೆಸರು, ತಾರೀಖು, ಅನುಮತಿ ಇದೆಯೇ ಎಂಬ ಪ್ರಶ್ನೆ, ಅಷ್ಟೇ. ಸಂಜೆಯೊಳಗೆ ಒಂದು ಕಚೇರಿಯಿಂದ ಕರೆ: "ತೆಗೆದುಬಿಡಿ, ಜನ ಸುಮ್ನೆ ಗಾಬರಿ ಆಗ್ತಾರೆ." ಯಾವ ಕಾಯ್ದೆ ಸಾರ್ ಅಂದರೆ, "ಅದೆಲ್ಲ ಯಾಕೆ ಈಗ?" 2018ರ ಆಗಸ್ಟ್‌ನ ಭೂಕುಸಿತ ಕಂಡ ಕೊಡಗು ಜಿಲ್ಲೆಯಲ್ಲಿ ಜನ ಗಾಬರಿಯಾಗಬೇಕಾದದ್ದು ಫೋಟೋಕ್ಕೋ, ಗುಡ್ಡಕ್ಕೋ? ಅವನು ತೆಗೆದ. ಜಾಹೀರಾತು ಕೊಡುವವರೆಲ್ಲ ಹೋಂಸ್ಟೇಯವರು. ದಿನಬೆಳಗಾದರೆ ಅವರದೇ ಮುಖ ನೋಡಬೇಕು.

ನಾನಿರುವ ಷಿಕಾಗೋದಲ್ಲಿ ಅಧಿಕಾರಿಗಳೇನೂ ಸಾಧುಗಳಲ್ಲ. ಬ್ಯಾಕ್‌ಪೇಜ್ ಎಂಬ ಜಾಹೀರಾತು ತಾಣದ ವಯಸ್ಕರ ವಿಭಾಗವನ್ನು ಮುಚ್ಚಿಸಲು ಹೊರಟ ನಮ್ಮ ಕುಕ್ ಕೌಂಟಿಯ ಶೆರಿಫ್ ಟಾಮ್ ಡಾರ್ಟ್, 2015ರ ಜೂನ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್‌ಗಳಿಗೆ ಪತ್ರ ಬರೆದರು. ಎರಡು ದಿನದಲ್ಲಿ ಎರಡೂ ಕಂಪನಿಗಳು ಆ ತಾಣದ ಪಾವತಿ ನಿಲ್ಲಿಸಿದವು. ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ರಿಚರ್ಡ್ ಪೋಸ್ನರ್ ಅದಕ್ಕೆ ತಡೆ ಹಾಕಿದರು: ಅಧಿಕಾರದ ಕುರ್ಚಿಯಿಂದ ಮೂರನೆಯವರನ್ನು ಬೆದರಿಸಿ ಮಾತು ಅಡಗಿಸುವ ಹಾಗಿಲ್ಲ. ಆ ತಾಣದ ಬಗ್ಗೆ ನನಗೇನೂ ಮರುಕವಿಲ್ಲ. 2018ರಲ್ಲಿ ಫೆಡರಲ್ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು, ಆದರೆ ಕ್ರಿಮಿನಲ್ ಮೊಕದ್ದಮೆ ಹೂಡಿ.

ಇದರ ಬೇರು 1963ರ ತೀರ್ಪಿನಲ್ಲಿದೆ. ರೋಡ್ ಐಲೆಂಡ್ ರಾಜ್ಯದ ಒಂದು ಆಯೋಗ ಪುಸ್ತಕ ವಿತರಕರಿಗೆ 'ಆಕ್ಷೇಪಾರ್ಹ' ಪುಸ್ತಕಗಳ ಪಟ್ಟಿ ಕಳಿಸುತ್ತಿತ್ತು. ಸಹಕರಿಸಿದರೆ ಸಂತೋಷ ಎನ್ನುವ ಧಾಟಿ. ಹಿಂದೆಯೇ ಪೊಲೀಸಿನವರೊಬ್ಬರು ಬಂದು, ಏನು ಮಾಡಿದಿರಿ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ವಿತರಕರು ತೆಪ್ಪಗೆ ಪುಸ್ತಕ ವಾಪಸು ಕಳಿಸುತ್ತಿದ್ದರು. ಸಲಹೆಯ ವೇಷದ ಈ ಸೆನ್ಸಾರ್ ನಡೆಯದು ಎಂದಿತು ಅಮೆರಿಕದ ಸುಪ್ರೀಂ ಕೋರ್ಟ್.

ಅಲ್ಲಿ ಗೆದ್ದವರ ಕೈಯಲ್ಲಿ ಕಾಗದವಿತ್ತು, ನನಗೆ ಮುಖ್ಯ ಅನ್ನಿಸುವುದು ಅದು. ಕೋವಿಡ್ ಕಾಲದಲ್ಲಿ ಸರ್ಕಾರ ಒತ್ತಡ ಹೇರಿ ಪೋಸ್ಟುಗಳನ್ನು ತೆಗೆಸಿತು ಎಂದು ದೂರಿದ್ದ ಮರ್ಥಿ ಪ್ರಕರಣ 2024ರಲ್ಲಿ ಅದೇ ಕೋರ್ಟಿನಲ್ಲಿ 6–3 ಮತಗಳಿಂದ ಬಿದ್ದುಹೋಯಿತು. ಯಾವ ಒತ್ತಡದಿಂದ ಯಾರ ಪೋಸ್ಟು ಹೋಯಿತು ಎಂದು ತೋರಿಸಲು ಆಗದೆ, ದಾವೆ ಹೂಡುವ ಅರ್ಹತೆಯೇ ಅವರಿಗಿಲ್ಲ ಎಂದಾಯಿತು.

ಭಾರತದಲ್ಲಿ ಕಾನೂನೇ ಇಲ್ಲವೆಂದಲ್ಲ. ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಲ್ ತೀರ್ಪು, ಆಕ್ಷೇಪಾರ್ಹ ಪೋಸ್ಟಿಗೆ ಜೈಲಿಗಟ್ಟುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿದ್ದು ಎಲ್ಲರಿಗೂ ಗೊತ್ತು. ನ್ಯಾಯಾಲಯದ ಆದೇಶವೋ ಸರ್ಕಾರದ ಸೂಚನೆಯೋ ಬಂದರೆ ಮಾತ್ರ ತಾಣಗಳು ತೆಗೆಯಬೇಕೆಂದು ಅದೇ ತೀರ್ಪು ಹೇಳಿದ್ದು ಮರೆತುಹೋಗಿದೆ. ಸೂಚನೆ ಕಳಿಸಲೆಂದೇ ಕೇಂದ್ರ 'ಸಹಯೋಗ್' ಪೋರ್ಟಲ್ ತೆರೆಯಿತು. ಅದನ್ನು ಪ್ರಶ್ನಿಸಿದ ಎಕ್ಸ್ ಕಂಪನಿಯ ಅರ್ಜಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟೇ ವಜಾ ಮಾಡಿತು. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಆದರೂ ಅದೇ ವರ್ಷದ ನವೆಂಬರ್‌ನಿಂದ ಜಾರಿಯಾದ ಐಟಿ ನಿಯಮಗಳ ತಿದ್ದುಪಡಿ ಒಂದು ಒಳ್ಳೆಯ ಕೆಲಸ ಮಾಡಿದೆ: ಸೂಚನೆಗೆ ಕಾರಣ ಬರೆಯಬೇಕು, ಪೊಲೀಸರಾದರೆ ಡಿಐಜಿ ದರ್ಜೆಗೆ ಕಡಿಮೆಯವರು ಕೊಡುವಂತಿಲ್ಲ. ಕೊಡಗಿನ ಪೊಲೀಸಿಗೆ ಡಿಐಜಿಗಿಂತ ಕೆಳಗಿನ ಎಸ್‌ಪಿಯೇ ದೊಡ್ಡವರು. ವಲಯ ಕಚೇರಿ ಇರುವುದು ಮೈಸೂರಿನಲ್ಲಿ. ಅಂದರೆ ಮಡಿಕೇರಿಯ ಪೊಲೀಸ್ ಕಚೇರಿಯಿಂದ ಬರುವ ಫೋನಿಗೆ ಆ ನಿಯಮದಲ್ಲಿ ಕವಡೆ ಕಿಮ್ಮತ್ತಿಲ್ಲ. ಫೋನ್ ಎತ್ತುವವರಿಗೆ ಅದು ಗೊತ್ತಿಲ್ಲ, ಮಾಡುವವರಿಗೆ ಗೊತ್ತಿದ್ದರೂ ಲೆಕ್ಕವಿಲ್ಲ.

ಇಷ್ಟಾದರೂ ಓದುಗನಿಗೆ ಏನು ಹೋಯಿತು, ಯಾಕೆ ಹೋಯಿತು ತಿಳಿಯುವುದಿಲ್ಲ. ತೆಗೆದ ಜಾಗದಲ್ಲಿ ಕಚೇರಿಯ ಹೆಸರು, ಆದೇಶದ ತಾರೀಖು ಹಾಕಿ ಒಂದು ಸಾಲು ಉಳಿಸಬೇಕು. ಅಂತರ್ಜಾಲದ ಬರಹಗಳನ್ನು ತಡೆಯಲು ಕೇಂದ್ರಕ್ಕೆ ಅಧಿಕಾರ ಕೊಡುವ, ಅದೇ ಕಾಯ್ದೆಯ 69ಎ ಕಲಮಿನಡಿ ಬರುವ ಆದೇಶಗಳಿಗೆ ಅದೂ ಕಷ್ಟ, ಆ ಕಲಮಿಗಾಗಿ ಮಾಡಿದ 2009ರ ನಿಯಮಗಳಲ್ಲಿ 16ನೆಯದು ಎಲ್ಲವನ್ನೂ ಗೋಪ್ಯವಾಗಿಡಿ ಎನ್ನುತ್ತದೆ. ಮೊದಲು ಹೋಗಬೇಕಾದದ್ದು ಆ ನಿಯಮ.