ಹಳೇದೇ ಬೇಕು, ಆದರೆ ಹೊಸದಾಗಿರಬೇಕು

ಸಿವಿಲೈಸೇಶನ್ 7 ಅನ್ನುವ ಕಂಪ್ಯೂಟರ್ ಆಟ 2025ರಲ್ಲಿ ಬಂತು, ಅಭಿಮಾನಿಗಳ ಗೋಳು ಇನ್ನೂ ನಿಂತಿಲ್ಲ. ಆಟ ಬಂದಾಗ, ಯುಗ ಬದಲಾದರೆ ನಾಗರಿಕತೆಯನ್ನೂ ಬದಲಿಸಬೇಕಿತ್ತಂತೆ. ರೋಮ್ ಹಿಡಿದು ಶುರು ಮಾಡಿದವನು ರೋಮ್ ಆಗಿಯೇ ಆಟ ಮುಗಿಸುವ ಹಾಗಿರಲಿಲ್ಲವಂತೆ. ಘೋರ ಅನ್ಯಾಯ, ಅಲ್ವಾ? 2010ರಲ್ಲಿ ಐದನೆಯದು ನಕ್ಷೆಯ ಚೌಕದ ಮನೆಗಳನ್ನು ಕಿತ್ತು ಆರು ಮೂಲೆಯ ಮನೆಗಳನ್ನು ಇಟ್ಟಾಗಲೂ ಹೀಗೇ ಎದೆ ಬಡಿದುಕೊಂಡಿದ್ದರು. 2016ರಲ್ಲಿ ಆರನೆಯದನ್ನು ನೋಡಿ, "ಇದೇನು ಮಕ್ಕಳ ಕಾರ್ಟೂನಾ?" ಅಂದರು. ಈಗ ಐದು, ಆರರ ಹೆಸರೆತ್ತಿದರೆ ಅದೇ ಜನ ಕೈ ಮುಗಿಯುತ್ತಾರೆ.

ಪಾಪ, ಈ ಸರಣಿ ಹುಟ್ಟಿಸಿದ ಸಿಡ್ ಮೇಯರ್ ಅವರದ್ದೊಂದು ಲೆಕ್ಕವಿದೆ. ಹೊಸ ಆಟದಲ್ಲಿ ಮೂರರಲ್ಲೊಂದು ಪಾಲು ಹಳೆಯದು, ಒಂದು ಪಾಲು ತಿದ್ದಿದ್ದು, ಒಂದು ಪಾಲು ಹೊಸದು. ಅಭಿಮಾನಿಗಳು ನಿಷ್ಪಕ್ಷಪಾತಿಗಳು. ಮೂರೂ ಪಾಲಿಗೂ ಸಮನಾಗಿ ಬೈಯುತ್ತಾರೆ.

ಇನ್ನು ಡಾಂಟೆಯ ಕೂದಲಿನ ಪುರಾಣ. ಡೆವಿಲ್ ಮೇ ಕ್ರೈ ಆಟದ ನಾಯಕನಿಗೆ ಬೆಳ್ಳಿ ಕೂದಲು. ಆ ಸರಣಿಗೆ ಹೊಸ ಹುಟ್ಟು ಕೊಡಲು ಹೊರಟ ಆಟದಲ್ಲಿ ಅವನ ತಲೆ ಕಪ್ಪು ಮಾಡಿದರು. 2010ರಲ್ಲಿ ತೋರಿಸಿದ್ದು, ಆಟ ಬಂದದ್ದು 2013ಕ್ಕೆ. ಅಷ್ಟೂ ಕಾಲ ಜಗಳ ಕೂದಲಿನದ್ದೇ. ಕೊನೆಗೆ ಆಟ ಮಾಡಿದವರೇ ಒಂದು ತಮಾಷೆ ಇಟ್ಟರು: ಬಿಳಿ ಕೂದಲಿನ ಕುಚ್ಚೊಂದು ಹಾರಿ ಬಂದು ಅವನ ತಲೆ ಮೇಲೆ ಕೂರುತ್ತದೆ, ಅವನು ಕನ್ನಡಿ ನೋಡಿ ಕಿತ್ತೆಸೆಯುತ್ತಾನೆ. ನಕ್ಕು ಸುಮ್ಮನಾಗಬಹುದಿತ್ತು. ಅದಕ್ಕೂ ಕೋಪ.

ನಾನೇನೂ ಸಾಚಾ ಅಲ್ಲ. 2000ದಲ್ಲಿ ನಿಂಟೆಂಡೊ ಕಂಪನಿ ತನ್ನ ಜೆಲ್ಡಾ ಆಟಗಳ ನಾಯಕ, ಖಳನಾಯಕರ ಒಂದು ತುಣುಕು ತೋರಿಸಿತ್ತು. ಲಿಂಕ್, ಗ್ಯಾನನ್‌ಡಾರ್ಫ್, ಕತ್ತಿಗೆ ಕತ್ತಿ, ಎಲ್ಲಾ ನಿಜದ ಹಾಗೆ. ಮರುವರ್ಷ ತೋರಿಸಿದ್ದು ದೊಡ್ಡ ಕಣ್ಣಿನ, ಗೊಂಬೆಯಂಥ ಹುಡುಗನನ್ನು. ಅದೇ ವಿಂಡ್ ವೇಕರ್. ಕಾರ್ಟೂನಿನಂಥ ಈ ಚಿತ್ರಶೈಲಿಗೆ ಇಂಗ್ಲಿಷಿನಲ್ಲಿ ಸೆಲ್ ಶೇಡಿಂಗ್ ಅನ್ನುತ್ತಾರೆ, ಅದಕ್ಕೇ ಜೆಲ್ಡಾ ಬದಲು "ಸೆಲ್ಡಾ" ಅಂತ ಹಂಗಿಸಿದವರ ಗುಂಪಿನಲ್ಲಿ ನಾನೂ ಇದ್ದೆ. ಆಮೇಲೆ ಆಡಿದೆ. ಗಾಳಿ ಬೀಸಿದಾಗ ಬಿಳಿ ಗೆರೆಗಳು ಸುರುಳಿ ಸುತ್ತಿ ಹೋಗುತ್ತಿದ್ದವು. ದೋಣಿಯ ಹಾಯಿ ಉಬ್ಬುತ್ತಿತ್ತು. ನಿಜದ ಹಾಗಿದ್ದ ಆ ಕಾಲದ ಆಟಗಳೆಲ್ಲ ಇವತ್ತು ಮಣ್ಣು ಮೆತ್ತಿದ ಹಾಗೆ ಕಾಣುತ್ತವೆ, ಇದೊಂದು ಮಾಸಿಲ್ಲ. 2013ರಲ್ಲಿ ಅದನ್ನೇ ತೊಳೆದು ಹೊಳಪು ಕೊಟ್ಟು ಮತ್ತೆ ಮಾರಿದರು. ಬೈದಿದ್ದ ನಾನೇ ಮತ್ತೆ ದುಡ್ಡು ಕೊಟ್ಟೆ. ಬೈಗುಳ ಹಣ್ಣಾಗಲು ಹತ್ತು ವರ್ಷ ಸಾಕು ಅನ್ನುವುದು ಕಂಪನಿಗಳಿಗೆ ಚೆನ್ನಾಗಿ ಗೊತ್ತು.

ಇಷ್ಟೇ ಆಗಿದ್ದರೆ ನಗಬಹುದಿತ್ತು. ಆದರೆ ಕೂದಲ ಬಣ್ಣಕ್ಕೆ, ಒಂದು ಬಟನ್‌ಗೆ, ಆಟ ಎರಡು ತಿಂಗಳು ತಡವಾಗಿದ್ದಕ್ಕೆ ಕೊಲೆ ಬೆದರಿಕೆ ಹಾಕುವವರಿದ್ದಾರೆ. ಅದನ್ನು ಓದಬೇಕಾದದ್ದು ರಾತ್ರಿಯಿಡೀ ಕೂತು ಆ ಬಟನ್ ಸರಿ ಮಾಡಿದ ಕೆಲಸಗಾರ. ತೀರ್ಮಾನ ಮಾಡಿದ ದೊಡ್ಡವರಿಗೆ ಬೋನಸ್, ಇವನಿಗೆ ಬೆದರಿಕೆ. ಇದಕ್ಕೆ ಅಭಿಮಾನ ಅಂತ ಹೆಸರು ಬೇರೆ. ಥೂ.

ಇರಲಿ. ಜೆಲ್ಡಾ ಸರಣಿಯ ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಕತ್ತಿಗಳು ಮುರಿಯುತ್ತವೆ ಅಂತ 2017ರಿಂದ ಗೊಣಗುತ್ತಿದ್ದೇನೆ. ಒಳ್ಳೆಯ ಕತ್ತಿ ಸಿಕ್ಕರೆ ಮುರಿದೀತೆಂದು ಚೀಲದಲ್ಲೇ ಇಟ್ಟು, ಮರದ ಕೊಂಬೆ ಹಿಡಿದು ರಾಕ್ಷಸರ ಮೇಲೆ ಬೀಳುತ್ತೇನೆ. ಚೀಲ ಈಗಲೂ ತುಂಬಿದೆ.