ನಾಲ್ಕು ಚಕ್ರ ಬೇಕೇ? ಆಕಾಶವನ್ನೂ ಕೊಳ್ಳಿ

2024ರ ಅಕ್ಟೋಬರ್ 3ರಂದು ಮಹೀಂದ್ರ ಕಂಪನಿಯ ಎಸ್‌ಯುವಿ ಥಾರ್ ರಾಕ್ಸ್‌ಗೆ ಬುಕಿಂಗ್ ತೆರೆದ ಮೊದಲ ಗಂಟೆಯಲ್ಲೇ 1.76 ಲಕ್ಷ ಬುಕಿಂಗ್ ಆಯಿತು. ಅದಕ್ಕೆ ಎರಡು ವರ್ಷ ಮೊದಲು ಸ್ಕಾರ್ಪಿಯೊ-ಎನ್ ಬಂದಾಗ ಮೊದಲ ನಿಮಿಷದಲ್ಲಿ 25 ಸಾವಿರ, ಅರ್ಧ ಗಂಟೆಯೊಳಗೆ ಒಂದು ಲಕ್ಷ. ದುಡ್ಡಿನ ವಿಚಾರದಲ್ಲಿ ನನಗೆ ಅಚ್ಚರಿಯಿಲ್ಲ. ಇದ್ದವರಿಗೆ ದುಡ್ಡಿದೆ, ಇಲ್ಲದವರಿಗೆ ಏಳು ವರ್ಷದ ಸಾಲವಿದೆ. ನನ್ನ ತಲೆ ತಿನ್ನುತ್ತಿರುವ ಪ್ರಶ್ನೆ ಬೇರೆ: ಅಷ್ಟು ಜನ ಅಷ್ಟು ಹೊತ್ತಿನೊಳಗೆ ವೇರಿಯಂಟ್, ಅಂದರೆ ಒಂದೇ ಗಾಡಿಯ ಹಲವು ದರ್ಜೆಗಳಲ್ಲಿ ತಮ್ಮದನ್ನು, ಆರಿಸಿಕೊಂಡದ್ದಾದರೂ ಹೇಗೆ?

ಆ ಪಟ್ಟಿಯನ್ನು ಒಮ್ಮೆ ಓದಿದವರಿಗೆ ನನ್ನ ಗಾಬರಿ ಅರ್ಥವಾಗುತ್ತದೆ. ರಾಕ್ಸ್‌ನಲ್ಲಿ ಎಂಎಕ್ಸ್ 1, 3, 5. ಆಮೇಲೆ ಎಎಕ್ಸ್ 3ಎಲ್, 5ಎಲ್, 7ಎಲ್. ಎರಡು, ನಾಲ್ಕು, ಆರು ಎಲ್ಲಿ ಹೋದವೋ ತಿಳಿಯದು. ಮುಯ್ಯಿಗೆ ನೂರಾ ಒಂದು ಹಾಕುವ ನಾಡಿನಲ್ಲಿ ಬೆಸ ಸಂಖ್ಯೆ ಶುಭವೆಂದು ಸಮಾಧಾನ ಮಾಡಿಕೊಳ್ಳೋಣವೆಂದರೆ, ಅದೇ ಕಂಪನಿಯ ಸ್ಕಾರ್ಪಿಯೊ-ಎನ್ ಝಡ್ 2, 4, 6, 8 ಎಂದು ಸಮ ಸಂಖ್ಯೆಗಳನ್ನು ಹಿಡಿದುಕೊಂಡು ನಿಂತಿದೆ. ಬೆಸಕ್ಕೊಬ್ಬ ಜ್ಯೋತಿಷಿ, ಸಮಕ್ಕೊಬ್ಬ ಜ್ಯೋತಿಷಿ ಸಂಬಳದ ಮೇಲಿರಬೇಕು.

ಈ ಮೆಟ್ಟಿಲುಗಳನ್ನು ಕಟ್ಟಿದ ಶಿಲ್ಪಿಯ ಪ್ರತಿಭೆಗೆ ತಲೆಬಾಗಲೇಬೇಕು. 2022ರಲ್ಲಿ ಸ್ಕಾರ್ಪಿಯೊ-ಎನ್‌ನ ಝಡ್ 4ರಲ್ಲಿ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, ಸಿಗುತ್ತಿತ್ತು. ಹೆಚ್ಚು ದುಡ್ಡು ಕೊಟ್ಟು ಝಡ್ 6ಕ್ಕೆ ಏರಿದರೆ ಸಿಗುತ್ತಿರಲಿಲ್ಲ. ಇನ್ನಷ್ಟು ಕೊಟ್ಟು ಝಡ್ 8ಕ್ಕೆ ಏರಿದರೆ ಮತ್ತೆ ಪ್ರತ್ಯಕ್ಷ! ನಡುವಿನ ಮೆಟ್ಟಿಲಿನ ಗ್ರಾಹಕ ಕೆಸರು ಕಾಣದಷ್ಟು ಸುಖಿ, ಕೆಸರಿನ ಕನಸು ಕಾಣುವಷ್ಟು ಶ್ರೀಮಂತನಲ್ಲ ಎಂದು ಯಾರೋ ಲೆಕ್ಕ ಹಾಕಿದ್ದಾರೆ. ರಾಕ್ಸ್‌ನಲ್ಲಿಯೂ ಇದೇ ಕಣ್ಣಾಮುಚ್ಚಾಲೆ. ಎಂಎಕ್ಸ್ 5ರಲ್ಲಿ ಉಂಟು, ಎಎಕ್ಸ್ 3ಎಲ್‌ನಲ್ಲಿ ಇಲ್ಲ, ಎಎಕ್ಸ್ 5ಎಲ್‌ನಲ್ಲಿ ಮತ್ತೆ ಉಂಟು. ಎರಡರಲ್ಲೂ ಡೀಸೆಲ್‌ಗೆ ಮಾತ್ರ. ಪೆಟ್ರೋಲ್ ಹಾಕಿಸುವವರ ಚಕ್ರ ಹೂತುಹೋಗುವುದಿಲ್ಲವಂತೆ.

ಇದೆಲ್ಲ ನನಗೇಕೆ ಬಂತೆಂದರೆ, ಸಕಲೇಶಪುರದ ಕಡೆ ಸ್ವಲ್ಪ ಕಾಫಿ, ಸ್ವಲ್ಪ ಮೆಣಸು ಇಟ್ಟುಕೊಂಡಿರುವ ನನ್ನ ಭಾವನಿಂದ. ಟಾರು ರಸ್ತೆಯಿಂದ ಅವನ ಮನೆಗೆ ಹತ್ತುವ ದಾರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿಯೇ ಅಲ್ಲ, ಕೆಮ್ಮಣ್ಣಿನ ಜಾರುಬಂಡೆ. ಅವನಿಗೆ ಬೇಕಾದದ್ದು ನಾಲ್ಕೂ ಚಕ್ರಕ್ಕೆ ಬಲ, ಏರಿಗೆ ಲೋ ರೇಂಜ್ ಗೇರು, ಮಳೆ ಒಳಗೆ ಬಾರದಂತೆ ಬಾಗಿಲು. ಇಷ್ಟನ್ನು ಹೇಳಿ ಅವನು ನನ್ನ ಕೈಗೆ ನಾಲ್ಕು ಕಂಪನಿಗಳ ಕೈಪಿಡಿ ಕೊಟ್ಟ. ಪೇಟೆಯಲ್ಲಿರುವವರಿಗೆ ಇಂಥದ್ದೆಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ಮಲೆನಾಡಿನವರಿಗೆ ಇನ್ನೂ ಇದೆ.

ಕೈಪಿಡಿಯ ಮೊದಲ ಎಂಟು ಪುಟ ಹಿಮಾಲಯ. ಒಂಬತ್ತನೆಯ ಪುಟದಲ್ಲಿ ಕೋಷ್ಟಕ. ಎಡಕ್ಕೆ ಸೌಲಭ್ಯಗಳ ಹೆಸರು, ಮೇಲೆ ವೇರಿಯಂಟ್‌ಗಳು, ಒಳಗೆ ಕಪ್ಪು ಚುಕ್ಕೆ ಅಥವಾ ಅಡ್ಡಗೆರೆ. ಚುಕ್ಕೆ ಎಂದರೆ ಕೃಪೆ, ಗೆರೆ ಎಂದರೆ ಕರ್ಮ. ಚಾಲಕನ ಪಕ್ಕದವರ ಸನ್ ವೈಸರ್‌ನಲ್ಲಿ ಕನ್ನಡಿ: ಮೊದಲ ಎರಡು ಕಂಬಗಳಲ್ಲಿ ಗೆರೆ, ಮೂರರಿಂದ ಚುಕ್ಕೆ. ಆ ಕನ್ನಡಿಗೊಂದು ದೀಪ: ಐದರಿಂದ ಚುಕ್ಕೆ. ಹಿಂಬದಿ ಗಾಜು ಒರೆಸುವ ವೈಪರ್: ಎರಡರಿಂದ. ಕೆಳದರ್ಜೆಯ ಗ್ರಾಹಕ ಹಿಂದಕ್ಕೆ ನೋಡುವ ಅಗತ್ಯವೇನಿದೆ, ಅವನು ಮುಂದೆ ಬರಬೇಕಾದವನು. ಕೋಷ್ಟಕದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಚಿತ್ರದಲ್ಲಿರುವುದೆಲ್ಲ ಗಾಡಿಯಲ್ಲಿ ಇರಲೇಬೇಕೆಂದಿಲ್ಲ ಎಂಬ ವೇದಾಂತ. ಭಾವ ಭೂತಗನ್ನಡಿ ತಂದು ಓದಿ, ‘ಇದರಲ್ಲಿ ಗಾಡಿಯಾದರೂ ಇರುತ್ತದೆಯೋ?’ ಎಂದ.

ಅವನ ಬೇಡಿಕೆಗೆ ತಕ್ಕ ಚುಕ್ಕೆಯನ್ನು ಹುಡುಕಿಕೊಂಡು ಹೊರಟರೆ ಅದು ಒಂಟಿಯಾಗಿ ಎಲ್ಲಿಯೂ ಸಿಗುವುದಿಲ್ಲ. ಎಕ್ಸ್‌ಯುವಿ 700ರಲ್ಲಿ ನಾಲ್ಕು ಚಕ್ರದ ಬಲ ಬೇಕಿದ್ದವನು ತುತ್ತತುದಿಯ ಎಎಕ್ಸ್ 7ಕ್ಕೇ ಹೋಗಬೇಕಾಗಿತ್ತು. ಅಲ್ಲಿಗೆ ಹೋದ ಮೇಲೆ ತಲೆಯ ಮೇಲೆ ಗಾಜಿನ ಸೂರು, ಎದುರಿಗೆ ಎರಡು ಟಿವಿ. ಬೇಡ ಎಂದರೆ ಕೇಳುವವರಿಲ್ಲ. ಉಪ್ಪಿನಕಾಯಿ ಬೇಕೆಂದವನು ಮದುವೆ ಮಂಟಪವನ್ನೇ ಬುಕ್ ಮಾಡಬೇಕು. ಮಾರುತಿಯ ಗ್ರ್ಯಾಂಡ್ ವಿಟಾರಾದವರದು ತದ್ವಿರುದ್ಧ ನ್ಯಾಯ. 2022ರಲ್ಲಿ ಅದು ಬಂದಾಗ ನಾಲ್ಕು ಚಕ್ರದ ಬಲವನ್ನು ಮ್ಯಾನುಯಲ್ ಗೇರಿಗೆ ಮಾತ್ರ ಕಟ್ಟಿಹಾಕಿದ್ದರು. ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಎಳೆಯುವ, ಹೆಚ್ಚು ಮೈಲೇಜಿನ ಸ್ಟ್ರಾಂಗ್ ಹೈಬ್ರಿಡ್ ಬೇಕೆಂದವರಿಗೆ ಎರಡೇ ಚಕ್ರ. ಬೆಟ್ಟ ಹತ್ತುವವನು ಕ್ಲಚ್ ತುಳಿಯುವ ಎಡಗಾಲಿನ ತಪಸ್ಸು ಮಾಡಲೇಬೇಕು, ಇಂಧನ ಉಳಿಸುವವನು ಬೆಟ್ಟದ ಆಸೆ ಬಿಡಬೇಕು. ಎರಡನ್ನೂ ಬಯಸುವುದು ದುರಾಸೆ.

ಟಾಟಾದವರು 2023ರಲ್ಲಿ ಈ ಅಂಕಿ ಅಕ್ಷರಗಳ ಗೊಡವೆಯನ್ನೇ ಬಿಟ್ಟು ಗ್ರಾಹಕನ ಸ್ವಭಾವಕ್ಕೇ ಕೈಹಾಕಿದರು. ಹ್ಯಾರಿಯರ್‌ನಲ್ಲಿ ಸ್ಮಾರ್ಟ್, ಪ್ಯೂರ್, ಅಡ್ವೆಂಚರ್, ಫಿಯರ್‌ಲೆಸ್. ಸಫಾರಿಯಲ್ಲಿ ಕೊನೆಯ ಮೆಟ್ಟಿಲು ಅಕಾಂಪ್ಲಿಶ್ಡ್. ಅಂದರೆ ಐದು ಸೀಟು ಸಾಕೋ ಏಳು ಬೇಕೋ ಎಂದು ಲೆಕ್ಕ ಹಾಕುವ ಸಂಸಾರಿ ಹ್ಯಾರಿಯರ್ ಕೊಂಡರೆ ನಿರ್ಭೀತ, ಸಫಾರಿ ಕೊಂಡರೆ ಸಿದ್ಧಪುರುಷ. ಅಡ್ವೆಂಚರ್ ಎಂಬ ಡೀಸೆಲ್ ಹ್ಯಾರಿಯರ್‌ನಲ್ಲಿ ಒರಟು ರಸ್ತೆಗೊಂದು, ಒದ್ದೆ ರಸ್ತೆಗೊಂದು ಗುಂಡಿ ಇದ್ದವು. ಆ ಗುಂಡಿ ಒತ್ತಿದರೆ ದುಡಿಯುತ್ತಿದ್ದದ್ದು ಮುಂದಿನ ಎರಡು ಚಕ್ರ. ನಿರ್ಭೀತನಿಗೂ ಅಷ್ಟೇ. ಹ್ಯಾರಿಯರ್‌ಗೆ ನಾಲ್ಕು ಚಕ್ರದ ಬಲ ಬರಲು 2025ರಲ್ಲಿ ಬ್ಯಾಟರಿ ಗಾಡಿಯೇ ಹುಟ್ಟಬೇಕಾಯಿತು.

ಇನ್ನು ರಾಕ್ಸ್‌ನ ಸೀಟು. ಮೂತಿ ನೆಲಕ್ಕೆ ತಗಲದೆ ಹತ್ತಬಲ್ಲ ಏರುಕೋನ 41.7 ಡಿಗ್ರಿ, 650 ಮಿಲಿಮೀಟರ್ ನೀರಿನಲ್ಲಿ ಇಳಿದು ದಾಟುವ ಸಾಮರ್ಥ್ಯ. ಇಂಥ ಪರಾಕ್ರಮಿಯನ್ನು 2024ರ ಆಗಸ್ಟ್‌ನಲ್ಲಿ ನಾಡಿಗೆ ಒಪ್ಪಿಸಿದಾಗ ಒಳಗೆ ಹಾಸಿದ್ದು ಬಿಳಿ ಸೀಟು. ಗದ್ದೆಗೆ ಇಳಿಯುವವನಿಗೆ ಮಲ್ಲು ಪಂಚೆ ಉಡಿಸಿ ಕಳಿಸಿದ ಆ ವಿನ್ಯಾಸಕಾರನನ್ನು ಒಮ್ಮೆ ಕಾಣಬೇಕೆಂಬ ಆಸೆ ನನಗಿದೆ. ಜನ ಗೊಣಗಿದ ಮೇಲೆ ಫೋರ್ ವೀಲ್ ಡ್ರೈವ್ ಗಾಡಿಗಳಿಗೆ ಕಂದು ಬಣ್ಣ ಕರುಣಿಸಿದರು.

ಇವರನ್ನೆಲ್ಲ ಒಂದು ದಿನ ಕೊಡಚಾದ್ರಿಗೆ ಕರೆದೊಯ್ಯಬೇಕು. ಕೊಲ್ಲೂರಿನ ಕಡೆಯಿಂದ ಪ್ರವಾಸಿಗರನ್ನು ತುಂಬಿಕೊಂಡು ಹತ್ತುವ ಜೀಪುಗಳನ್ನು ನೋಡಿದವರಿಗೆ ಗೊತ್ತು. ಹಳೆಯ ಮಹೀಂದ್ರ ಗಾಡಿಗಳು, ಇದೇ ಕಂಪನಿಯ ಪೂರ್ವಜರು. ಬಾಗಿಲು ಇದ್ದರೆ ಅದಕ್ಕೊಂದು ಹಗ್ಗ. ಸೀಟಿನ ಬಣ್ಣ ಯಾವುದೆಂದು ಹೇಳಲು ಪುರಾತತ್ವ ಇಲಾಖೆಯೇ ಬರಬೇಕು. ಚಾಲಕ ಹವಾಯಿ ಚಪ್ಪಲಿಯಲ್ಲಿ ಕ್ಲಚ್ ತುಳಿಯುತ್ತಾ, ಬಂಡೆಯಿಂದ ಬಂಡೆಗೆ ಗಾಡಿಯನ್ನು ಇಳಿಸುತ್ತಾ, ಹಿಂದೆ ಕೂತವರ ಕಿರುಚಾಟಕ್ಕೆ ತಿರುಗಿಯೂ ನೋಡದೆ ಸರ್ವಜ್ಞಪೀಠದ ಬುಡಕ್ಕೆ ಒಯ್ದು ನಿಲ್ಲಿಸುತ್ತಾನೆ. ಕೆಳಗೆ ಬಂದ ಮೇಲೆ ಬಾನೆಟ್ ಎತ್ತಿ ನೀರು ಸುರಿಯುತ್ತಾನೆ, ಬೀಡಿ ಹಚ್ಚುತ್ತಾನೆ, ಮುಂದಿನ ಗುಂಪನ್ನು ಕೂಗುತ್ತಾನೆ. ಮಡಿಕೇರಿ ಬಳಿಯ ಮಾಂದಲಪಟ್ಟಿಯಲ್ಲಿಯೂ ಇದೇ ದೃಶ್ಯ, ಮಂಜು ಸ್ವಲ್ಪ ಹೆಚ್ಚು. ಯಾವ ವೇರಿಯಂಟ್ ಎಂದು ಆ ಚಾಲಕನನ್ನು ಕೇಳಿ ನೋಡಿ. ‘ಬ್ರೇಕ್ ಇರುವುದು’ ಎಂದಾನು.

ನಮಗೆ ಆ ಸರಳತೆ ಸಲ್ಲದು. ನಮಗೆ ಸನ್‌ರೂಫ್ ಬೇಕು. ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲು, ಜುಲೈನಲ್ಲಿ ಆಗುಂಬೆಯ ಮಳೆ, ವರ್ಷವಿಡೀ ಪೀಣ್ಯದ ಹೊಗೆ. ಇವುಗಳಲ್ಲಿ ಯಾವುದನ್ನು ಒಳಗೆ ಬಿಟ್ಟುಕೊಳ್ಳಲು ಸೂರಿಗೆ ಕಿಟಕಿ ಕೊರೆಸುತ್ತಾರೋ ತಿಳಿಯದು. ಆದರೂ ‘ಸನ್‌ರೂಫ್ ಇಲ್ಲವಾ?’ ಎಂಬ ನೆಂಟರ ಒಂದು ಪ್ರಶ್ನೆಗೆ ಹೆದರಿ ಒಂದೂವರೆ ಲಕ್ಷ ಹೆಚ್ಚು ಕೊಡುವ ಕುಟುಂಬಗಳಿವೆ. ಕೊಟ್ಟ ಮೇಲೆ ಅದಕ್ಕೊಂದು ಉಪಯೋಗ ಹುಡುಕಬೇಕಲ್ಲ, ಮಕ್ಕಳನ್ನು ಅದರಲ್ಲಿ ನಿಲ್ಲಿಸುತ್ತಾರೆ.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಜಿಕೆವಿಕೆ ರಸ್ತೆಯಲ್ಲಿ ಹಾಗೆ ನಿಂತಿದ್ದ ಪುಟ್ಟ ಹುಡುಗನ ತಲೆ ರಸ್ತೆಗೆ ಅಡ್ಡಲಾಗಿದ್ದ ಎತ್ತರ ತಡೆಗೆ ಬಡಿದ ವಿಡಿಯೊ ನೀವೂ ನೋಡಿದ್ದೀರಿ. ಇದರ ಬಗ್ಗೆ ತಮಾಷೆ ಮಾಡಲು ನನಗೆ ಬರುವುದಿಲ್ಲ. ಜಾಹೀರಾತುಗಳಲ್ಲಿ ವರ್ಷಗಟ್ಟಲೆ ಸೂರಿನಿಂದ ಕೈಚಾಚಿ ನಗುವ ಜನರನ್ನು ತೋರಿಸಿ, ಕೆಳಗೆ ಇರುವೆ ಅಕ್ಷರದಲ್ಲಿ ಹೀಗೆ ಮಾಡಬೇಡಿ ಎಂದು ಬರೆದರೆ ಮುಗಿಯಿತೇ?

ಸಿಟ್ಟು ಬಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಭಾವನಿಗೆ ಸರಿಹೊಂದುವಂತಿದ್ದ ಆ ಝಡ್ 4, ಕಡಿಮೆ ದುಡ್ಡಿನ ಫೋರ್ ವೀಲ್ ಡ್ರೈವ್, ಬಂದಾಗ ಅದರಲ್ಲಿದ್ದದ್ದು ಎರಡು ಏರ್‌ಬ್ಯಾಗ್. ಆರು ಬೇಕಿದ್ದರೆ ಮೇಲಿನ ಮೆಟ್ಟಿಲಿಗೆ ಏರಬೇಕು. ಆರನ್ನೂ ಎಲ್ಲ ಕಾರುಗಳಿಗೆ ಕಡ್ಡಾಯ ಮಾಡುತ್ತೇವೆಂದು ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಕರಡು ತಂದಿತು. ಅಕ್ಟೋಬರ್‌ನ ಗಡುವು ಮುಂದಿನ ಅಕ್ಟೋಬರ್‌ಗೆ ಹೋಯಿತು. ಆ ಅಕ್ಟೋಬರ್ ಬರುವ ಮೊದಲೇ, 2023ರ ಸೆಪ್ಟೆಂಬರ್‌ನಲ್ಲಿ, ಕಡ್ಡಾಯ ಮಾಡುವುದಿಲ್ಲ ಎಂದು ಸಚಿವ ನಿತಿನ್ ಗಡ್ಕರಿ ಹೇಳಿದರು. ಸರಿ. ಘಾಟಿಯಲ್ಲಿ ಎದುರಿನಿಂದ ಬರುವ ಲಾರಿ ನಿಮ್ಮ ವೇರಿಯಂಟ್ ಓದಿಕೊಂಡು ಗುದ್ದುವುದಿಲ್ಲ. ಕನ್ನಡಿಗೆ ದೀಪವನ್ನು ಮೆಟ್ಟಿಲ ಮೇಲೆ ಇಡಿ, ಸೀಟಿಗೆ ತಂಗಾಳಿಯನ್ನು ಇಡಿ, ಹನ್ನೆರಡು ಸ್ಪೀಕರ್ ಇಡಿ. ಪಕ್ಕದಿಂದ ಗುದ್ದಿದಾಗ ಹೆಂಡತಿಯ ತಲೆಗೆ ಆಸರೆಯಾಗುವ ಗಾಳಿಚೀಲವನ್ನು ಅದೇ ಮೆಟ್ಟಿಲ ಮೇಲೆ, ಅದೇ ಕಪ್ಪು ಚುಕ್ಕೆಯಲ್ಲಿ ಇಡುವುದಕ್ಕೆ ವ್ಯಾಪಾರ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಇರಲಿ, ಬೆಂಗಳೂರಿನ ಗ್ರಾಹಕರ ಕಡೆ ಬರೋಣ. ನಿಜಕ್ಕೂ ನಾಲ್ಕು ಚಕ್ರದ ಬಲ ಬೇಕಾದವರು ಅವರೇ. ರಾಕ್ಸ್‌ನ ಫೋರ್ ವೀಲ್ ಡ್ರೈವ್‌ನಲ್ಲಿ ಹಿಮ, ಮರಳು, ಕೆಸರು ಎಂಬ ಮೂರು ವಿಧಾನಗಳಿವೆ. ಕರ್ನಾಟಕದಲ್ಲಿ ಹಿಮ ಎಲ್ಲಿದೆ ಎಂದು ನಗಬೇಡಿ. ವರ್ತೂರು, ಬೆಳ್ಳಂದೂರು ಕೆರೆಗಳ ನೊರೆ ಉಕ್ಕಿ ರಸ್ತೆಗೆ ಬಂದ ವರ್ಷಗಳಲ್ಲಿ ಆ ಗುಂಡಿ ಇದ್ದಿದ್ದರೆ ಎಷ್ಟು ಜನ ಪುಣ್ಯ ಕಟ್ಟಿಕೊಳ್ಳುತ್ತಿದ್ದರು! ಮರಳು ಬೇಕಿದ್ದರೆ ಮುಗಿಯದ ಮೇಲ್ಸೇತುವೆಗಳ ಅಡಿಯಲ್ಲಿದೆ, ಕೆಸರು ಬೇಕಿದ್ದರೆ ಜಲಮಂಡಳಿ ಅಗೆದು ಹೋದಲ್ಲೆಲ್ಲ ಇದೆ. ರಸ್ತೆ ಉಬ್ಬಿನ ಎತ್ತರ ಹತ್ತು ಸೆಂಟಿಮೀಟರ್ ಎನ್ನುತ್ತದೆ ರಸ್ತೆಗಳ ಮಾನದಂಡ ಬರೆಯುವ ಭಾರತೀಯ ರಸ್ತೆ ಕಾಂಗ್ರೆಸ್. ನಮ್ಮ ಬಡಾವಣೆಯ ಉಬ್ಬು ಕಟ್ಟಿದವನು ಆ ಕಾಂಗ್ರೆಸ್‌ಗೆ ಮತ ಹಾಕಿದವನಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತ ನೀರು ನಿಂತಾಗ ಕೋಟಿ ಬೆಲೆಯ ಕಾರುಗಳು ನೆಲಮಾಳಿಗೆಯಲ್ಲಿ ಈಜುತ್ತಿದ್ದವು, ಐಟಿಯವರು ಲ್ಯಾಪ್‌ಟಾಪ್ ಚೀಲವನ್ನು ಎದೆಗವಚಿಕೊಂಡು ಟ್ರ್ಯಾಕ್ಟರ್‌ನಲ್ಲಿ ಕಚೇರಿಗೆ ಹೋದರು. ಅದಕ್ಕೆ ಸನ್‌ರೂಫ್ ಧಾರಾಳವಾಗಿತ್ತು.

ಈ ರಸ್ತೆಗಳಿಗಾಗಿ ನಾವು ಕಟ್ಟುವ ತೆರಿಗೆಯಲ್ಲಿಯೂ ಒಂದು ವೇರಿಯಂಟ್ ಪಟ್ಟಿ ಅಡಗಿದೆ. ನಾಲ್ಕು ಮೀಟರ್‌ಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್, ನೆಲದಿಂದ 170 ಮಿಲಿಮೀಟರ್ ಎತ್ತರ ಇದ್ದರೆ ಅದು ಎಸ್‌ಯುವಿ ಎಂದು ಜಿಎಸ್‌ಟಿಯವರ ಲೆಕ್ಕ. ಎಷ್ಟು ಚಕ್ರ ದುಡಿಯುತ್ತವೆ ಎಂಬುದು ಅವರಿಗೆ ಬೇಡ. ಸೆಸ್ ಸೇರಿ ಶೇ 50 ಇದ್ದದ್ದನ್ನು 2025ರ ಸೆಪ್ಟೆಂಬರ್ 22ರಿಂದ ಶೇ 40ಕ್ಕೆ ಇಳಿಸಿದರು, ನಾವು ದೀಪಾವಳಿಯನ್ನು ಮುಂಚಿತವಾಗಿಯೇ ಆಚರಿಸಿದೆವು. ಅದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ: 10 ಲಕ್ಷ ಮೀರಿ 20 ಲಕ್ಷದವರೆಗೆ ಶೇ 17, ದಾಟಿದರೆ ಶೇ 18, ಸೆಸ್ ಬೇರೆ. ಗಾಡಿ 19.90 ಲಕ್ಷಕ್ಕೆ ನಿಂತಿದೆ ಎನ್ನಿ. ಇಪ್ಪತ್ತು ಸಾವಿರದ ಒಂದು ಅಲಂಕಾರ ಸೇರಿ ಬೆಲೆ 20.10 ಆದರೆ, ಸೆಸ್ ಲೆಕ್ಕಕ್ಕೆ ಬರುವ ಮೊದಲೇ ತೆರಿಗೆ 23,500 ರೂಪಾಯಿ ಏರುತ್ತದೆ. ಅಲಂಕಾರಕ್ಕಿಂತ ಅದರ ತೆರಿಗೆಯೇ ದುಬಾರಿ. ಹತ್ತು ಲಕ್ಷ ಮೀರಿದ ಗಾಡಿಯೆಂದು ಆದಾಯ ತೆರಿಗೆಯವರೂ ಶೇ 1ರಷ್ಟನ್ನು ಮೊದಲೇ ಹಿಡಿದುಕೊಳ್ಳುತ್ತಾರೆ. ಲೆಕ್ಕಪತ್ರ ಸಲ್ಲಿಸಿ ವಾಪಸ್ ಪಡೆಯಬಹುದು, ಕಾಫಿ ಬೆಳೆಗಾರನಿಗೆ ಅದೊಂದು ಹೊಸ ಹವ್ಯಾಸ.

ಕೊನೆಗೆ ಭಾವ ಒಂದು ಗಾಡಿಗೆ ಮನಸ್ಸು ಮಾಡಿದ. ಬೇಕಾದ ಚುಕ್ಕೆಗಾಗಿ ಬೇಡದ ಇಪ್ಪತ್ತು ಚುಕ್ಕೆಗಳನ್ನು ಕೊಂಡ. ಯಾವ ಕಂಪನಿ, ಯಾವ ಶೋರೂಮ್ ಎಂದು ಹೇಳುವುದಿಲ್ಲ, ಅವನಿನ್ನೂ ಸರ್ವಿಸ್‌ಗೆ ಅಲ್ಲಿಗೇ ಹೋಗಬೇಕು. ಟೈ ಕಟ್ಟಿದ ಹುಡುಗ ಅಭಿನಂದಿಸಿ ಇನ್ನೊಂದು ಕಾಗದ ಮುಂದಿಟ್ಟ. ‘ಅಗತ್ಯ ಪರಿಕರಗಳ ಪ್ಯಾಕ್’ ಎಂದಿತ್ತು. ವಿಮೆಯನ್ನು ಹೊರಗೆ ಮಾಡಿಸುತ್ತೇನೆ ಎಂದಾಗ ಹುಡುಗನ ಮುಖ ಬಾಡಿತು, ಡೆಲಿವರಿ ದಿನಾಂಕವೂ ಸ್ವಲ್ಪ ಬಾಡಿತು. ಬಣ್ಣಕ್ಕೆ ಸೆರಾಮಿಕ್ ಲೇಪನ, ಬಾಗಿಲಿನಂಚಿಗೆ ಕ್ರೋಮ್ ಪಟ್ಟಿ, ಗಣಪತಿ ಕೂರಿಸಲು ಡ್ಯಾಶ್‌ಬೋರ್ಡ್ ಪೀಠ. ಭಾವ ಒಂದೊಂದಾಗಿ ಗೆರೆ ಎಳೆಯುತ್ತಾ ಬಂದ, ಅಷ್ಟು ಹೊತ್ತಿಗೆ ಅವನಿಗೂ ಗೆರೆ ಎಳೆಯುವುದು ಅಭ್ಯಾಸವಾಗಿತ್ತು. ಐದನೆಯ ಸಾಲಿನಲ್ಲಿ ಪೆನ್ನು ನಿಂತಿತು. ಮಡ್ ಫ್ಲ್ಯಾಪ್, ನಾಲ್ಕು. ಕೆಸರಿಗೆಂದೇ ಪ್ರತ್ಯೇಕ ಗುಂಡಿಯಿರುವ, ಕೆಸರಿನ ಚಿತ್ರ ತೋರಿಸಿಯೇ ಮಾರಿದ ಗಾಡಿಗೆ ಕೆಸರು ತಡೆಯುವ ರಬ್ಬರ್ ತುಂಡು ಬೇರೆ ಖರ್ಚು.

‘ಇದು ಗಾಡಿಯ ಜೊತೆ ಬರುವುದಿಲ್ಲವೇ?’

‘ಈ ವೇರಿಯಂಟ್‌ನಲ್ಲಿ ಇಲ್ಲ ಸಾರ್,’ ಎಂದ ಹುಡುಗ. ಅದು ತುತ್ತತುದಿಯ ವೇರಿಯಂಟ್ ಆಗಿತ್ತು.